ದೊಡ್ಡ ಕಂಪನಿಗೆ ಕಾಯಬೇಕೆ? ಬ್ಯಾಡಗಿಯ ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವ ಹಿರಿಯ ಓದುಗರೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೋರಿರುವುದರಿಂದ ಅದನ್ನು ಬಿಟ್ಟು ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇವೆ. ಅವರ ಮಗಳು 200 ಗಂಟೆಗಳ ಹಾರಾಟ ಪೂರೈಸಿ, ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಡೆಸುವ ಪರೀಕ್ಷೆಗಳನ್ನು ಪಾಸು ಮಾಡಿ, ಸಿಪಿಎಲ್ ಅಂದರೆ ವಾಣಿಜ್ಯ ಪೈಲಟ್ ಪರವಾನಗಿ ಪಡೆದಿದ್ದಾಳೆ. ಅದಕ್ಕಾಗಿ ಅವರು ಎರಡು ಎಕರೆ ಹೊಲ ಮಾರಿದ್ದಾರೆ, ಬ್ಯಾಂಕಿನಲ್ಲಿ ಸಾಲವನ್ನೂ ಮಾಡಿದ್ದಾರೆ. ಈಗ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನಗಳನ್ನು ಹಾರಿಸುವ ಪ್ರಾದೇಶಿಕ ಕಂಪನಿಯೊಂದು ಕೋ-ಪೈಲಟ್ ಕೆಲಸಕ್ಕೆ ಕರೆದಿದೆ. ಬೆಂಗಳೂರಿನಲ್ಲಿರುವ ಅವರ ಹಿರಿಯ ಅಳಿಯಂದಿರು ಮಾತ್ರ, ‘ಸಣ್ಣ ವಿಮಾನಕ್ಕೆ ಸೇರಿದರೆ ಸಣ್ಣದರಲ್ಲೇ ಉಳಿಯುತ್ತಾಳೆ, ಇನ್ನೊಂದು ವರ್ಷ ಕಾದರೂ ಚಿಂತೆಯಿಲ್ಲ, ಏರ್‌ಬಸ್ ಇರುವ ದೊಡ್ಡ ಕಂಪನಿಗೇ ಹೋಗಲಿ’ ಎನ್ನುತ್ತಿದ್ದಾರಂತೆ. ಯಾವುದು ಸರಿ ಎಂಬುದು ಓದುಗರ ಪ್ರಶ್ನೆ.

ಮಾನ್ಯರೇ, ನಿಮ್ಮ ಅಳಿಯಂದಿರ ಮಾತಿನಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ದೊಡ್ಡ ಕಂಪನಿಯಲ್ಲಿ ಸಂಬಳ ಹೆಚ್ಚು, ವಿಮಾನಗಳು ಹೆಚ್ಚು, ಮುಂದೆ ವಿದೇಶದ ಹಾರಾಟಕ್ಕೂ ದಾರಿ ಇರುತ್ತದೆ. ಒಂದು ಬಗೆಯ ವಿಮಾನಕ್ಕೆ ಪಡೆದ ಟೈಪ್ ರೇಟಿಂಗ್ (ಆ ಬಗೆಯ ವಿಮಾನ ಹಾರಿಸುವ ಅರ್ಹತೆ) ಇನ್ನೊಂದಕ್ಕೆ ನಡೆಯದಿರುವುದರಿಂದ, ಎಟಿಆರ್‌ನಿಂದ ಏರ್‌ಬಸ್‌ಗೆ ಹೋಗುವಾಗ ಹೊಸದಾಗಿ ತರಬೇತಿ ಪಡೆಯಬೇಕಾಗುತ್ತದೆ ಎಂಬುದೂ ನಿಜ. ಇಷ್ಟನ್ನು ಒಪ್ಪಿಕೊಂಡ ಮೇಲೂ ನಮ್ಮ ಉತ್ತರ ಸ್ಪಷ್ಟವಾಗಿದೆ: ಕರೆ ಬಂದಿರುವ ಕಂಪನಿಯ ಲೆಕ್ಕಪತ್ರ ಸರಿಯಾಗಿದ್ದರೆ ನಿಮ್ಮ ಮಗಳು ಅಲ್ಲಿಗೇ ಹೋಗಲಿ, ಈಗಲೇ ಹೋಗಲಿ.

ಮೊದಲು ಕಾಯುವ ವಿಷಯ ನೋಡೋಣ. ಪೈಲಟ್ ಆದವರು ಮನೆಯಲ್ಲಿ ಕುಳಿತು ಕಾಯುವ ವರ್ಷಕ್ಕೂ ಖರ್ಚು ತಪ್ಪುವುದಿಲ್ಲ. ಮೊದಲ ದರ್ಜೆಯ ವೈದ್ಯಕೀಯ ತಪಾಸಣೆಯನ್ನು ವರ್ಷ ವರ್ಷವೂ ಮಾಡಿಸಬೇಕು. ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಅನ್ನೂ ಪ್ರತಿವರ್ಷ ನವೀಕರಿಸಬೇಕು, ಅದಕ್ಕೆ ಮತ್ತೆ ವಿಮಾನದ ಗಂಟೆಗಳನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಬ್ಯಾಂಕಿನ ಬಡ್ಡಿಯೂ ನಿಲ್ಲುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಕೈಯ ಅಭ್ಯಾಸ ತಪ್ಪುವುದು. ಧಾರವಾಡದಲ್ಲಿ ನೆಲೆಸಿರುವ, ಬಹುಕಾಲ ತರಬೇತುದಾರ ಕ್ಯಾಪ್ಟನ್ ಆಗಿದ್ದ ನಿವೃತ್ತರೊಬ್ಬರು ನಮ್ಮ ಸ್ನೇಹಿತರು. ಎರಡು ವರ್ಷ ಮನೆಯಲ್ಲಿ ಕಾದು ಬಂದ ಹುಡುಗರನ್ನು ಸಿಮ್ಯುಲೇಟರಿನಲ್ಲಿ ಕೂಡಿಸಿದರೆ ಬುದ್ಧಿಗೆ ಎಲ್ಲವೂ ನೆನಪಿರುತ್ತದೆ, ಕೈಗೆ ಮಾತ್ರ ಮರೆತಿರುತ್ತದೆ ಎಂದು ಅವರು ಹಲವು ಸಲ ನಮ್ಮೆದುರು ಹೇಳಿಕೊಂಡು ನೊಂದಿದ್ದಾರೆ.

ಇನ್ನು ‘ಸಣ್ಣ ವಿಮಾನ’ ಎಂಬ ಮಾತು. ಕಳೆದ ಮಳೆಗಾಲದಲ್ಲಿ ಅದೇ ಸ್ನೇಹಿತರ ಜೊತೆ ಗೋಕುಲ ರಸ್ತೆಯ ನಮ್ಮ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಪ್ರಯಾಣ ಮಾಡುವ ಸಂದರ್ಭ ಬಂದಿತ್ತು. ಜಿಟಿಜಿಟಿ ಮಳೆಯಲ್ಲಿ ಎಟಿಆರ್ ನಿಂತಿತ್ತು. ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟ ಒಬ್ಬ ಕೋ-ಪೈಲಟ್ ಹುಡುಗಿ ಕೈಯಲ್ಲಿ ಟಾರ್ಚ್ ಹಿಡಿದು ವಿಮಾನವನ್ನು ಸುತ್ತುತ್ತಿದ್ದಳು. ಚಕ್ರದ ಬಳಿ ಬಗ್ಗಿ ಟೈರು ನೋಡಿದಳು, ಬ್ರೇಕಿನ ಕೊಳವೆಯ ಮೇಲೆ ಬೆಳಕು ಹಾಯಿಸಿದಳು, ಆಮೇಲೆ ಪ್ರೊಪೆಲ್ಲರಿನ ಆರೂ ಅಲಗುಗಳ ಅಂಚನ್ನು ಒಂದೊಂದಾಗಿ ದಿಟ್ಟಿಸಿದಳು. ಒಂದು ಅಲಗಿನ ಬಳಿ ನಿಂತು, ಮತ್ತೆ ಬೆಳಕು ಹಾಕಿ, ಎಂಜಿನಿಯರನ್ನು ಕರೆದು ತೋರಿಸಿದಳು. ಅವರು ನೋಡಿ ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋದಳು. ನಮ್ಮ ಸ್ನೇಹಿತರು ಅದನ್ನು ಕಣ್ತುಂಬ ನೋಡಿ, ‘ಈಕೆ ಒಳ್ಳೆಯ ಕ್ಯಾಪ್ಟನ್ ಆಗುತ್ತಾಳೆ’ ಎಂದರು.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಎಟಿಆರ್ 72-600ರಲ್ಲಿ ಆಟೊಪೈಲಟ್ ಇದೆ, ಆದರೆ ವೇಗವನ್ನು ತಾನೇ ಕಾಯ್ದುಕೊಳ್ಳುವ ಆಟೊಥ್ರಾಟಲ್ ಇಲ್ಲ. ಇಳಿಯುವಾಗ ಗಾಳಿ ಏರುಪೇರಾದರೆ ಪೈಲಟ್ ತನ್ನ ಕೈಯಿಂದಲೇ ಪವರ್ ಲಿವರನ್ನು ಹಿಂದೆ ಮುಂದೆ ಮಾಡಿ ವೇಗವನ್ನು ಹಿಡಿಯಬೇಕು. ಏರ್‌ಬಸ್ 320ರಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಯಂತ್ರವೇ ಮಾಡುತ್ತದೆ, ಲಿವರ್ ಕದಲುವುದೂ ಇಲ್ಲ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವಂತಿಲ್ಲ. ಜೆಟ್ 35,000 ಅಡಿಗೆ ಏರಿ ಎಷ್ಟೋ ಮೋಡಗಳ ಮೇಲಿನಿಂದ ದಾಟಿಹೋಗುವಾಗ ಎಟಿಆರ್‌ನವರು ಜುಲೈ ತಿಂಗಳ ಸಹ್ಯಾದ್ರಿಯ ಮೋಡಗಳ ನಡುವೆಯೇ ರಾಡಾರ್ ನೋಡಿಕೊಂಡು ದಾರಿ ಹುಡುಕಬೇಕು. ಬೆಂಗಳೂರಿನಿಂದ ಹುಬ್ಬಳ್ಳಿಯಂಥ ಒಂದು ಗಂಟೆಯ ಸೆಕ್ಟರುಗಳಲ್ಲಿ ದಿನಕ್ಕೆ ನಾಲ್ಕು ಸಲ ಏರುವುದು, ನಾಲ್ಕು ಸಲ ಇಳಿಯುವುದು ಸಾಮಾನ್ಯ. ನಾಲ್ಕು ಗಂಟೆ ಒಂದೇ ಸಮನೆ ದುಬೈ ಕಡೆಗೆ ಹಾರಿದವರಿಗೂ, ನಾಲ್ಕು ಊರುಗಳಲ್ಲಿ ಇಳಿದೆದ್ದವರಿಗೂ ಲಾಗ್‌ಬುಕ್ಕಿನಲ್ಲಿ ಬೀಳುವುದು ಅದೇ ನಾಲ್ಕು ಗಂಟೆ, ಆದರೆ ಕಲಿಕೆಯಲ್ಲಿ ಅಜಗಜಾಂತರ. ಅಂಕೋಲೆಯ ದಾರಿಯ ಅರಬೈಲು ಘಟ್ಟದಲ್ಲಿ ಮಳೆಗಾಲವಿಡೀ ಬಸ್ಸು ಇಳಿಸಿದ ಚಾಲಕನಿಗೆ ಪುಣೆ-ಬೆಂಗಳೂರು ಹೆದ್ದಾರಿಯನ್ನು ಯಾರೂ ಕಲಿಸಬೇಕಾಗಿಲ್ಲ, ಇದೂ ಹಾಗೆಯೇ. ಕಮಾಂಡರ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ 1,500 ಗಂಟೆಗಳ ಹಾರಾಟ ಬೇಕು. ಆ ಗಂಟೆಗಳಲ್ಲಿ ಎಷ್ಟು ಸಲ ಇಳಿದೆದ್ದಿದ್ದಾರೆ ಎಂಬುದನ್ನು ಪರವಾನಗಿ ಕೊಡುವವರು ಅಷ್ಟಾಗಿ ಕೇಳದಿದ್ದರೂ, ಒಂದು ದಿನ ಗಾಳಿ ಕೇಳಿಯೇ ಕೇಳುತ್ತದೆ.

‘ದೊಡ್ಡದು ಭದ್ರ’ ಎಂದು ನಿಮ್ಮ ಪತ್ರದಲ್ಲಿ ಮೂರು ಕಡೆ ಬರೆದಿದ್ದೀರಿ. ಈ ನಂಬಿಕೆಯನ್ನು ನಾವು ಬಹಳ ಮನೆಗಳಲ್ಲಿ ಕಂಡಿದ್ದೇವೆ, ಪ್ರತಿಸಲವೂ ವ್ಯಥೆಯಾಗುತ್ತದೆ. 2005ರಲ್ಲಿ ಆರಂಭವಾದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕಚ್ಚಿತು. ಕಾಲು ಶತಮಾನ ಹಾರಿದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ವಿಮಾನವನ್ನು ಇಳಿಸಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಈ ಮೂರೂ ದೊಡ್ಡವೇ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದ, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಕಡಿಮೆ ಮಾಡಿದ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಸಿದ್ಧವಾಗಲು ಅಷ್ಟು ಕಾಲವಿದ್ದರೂ, ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ, 2025ರ ಡಿಸೆಂಬರ್‌ನ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಮಾಡಬೇಕಾಯಿತು. ಗಾತ್ರವನ್ನು ನೋಡಿ ಭದ್ರತೆಯನ್ನು ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಅಂದಹಾಗೆ ಅದೇ ಇಂಡಿಗೋ 2017ರ ಕೊನೆಯಿಂದ ಎಟಿಆರ್ ವಿಮಾನಗಳನ್ನೂ ಹಾರಿಸುತ್ತಿದೆ. ಹೀಗಿರುವಾಗ ಎಟಿಆರ್ ಎಂದರೆ ಕೀಳು ಎಂಬ ಭಾವನೆ ನಿಮ್ಮ ಮನೆಗೆ ಎಲ್ಲಿಂದ ಬಂತೋ ತಿಳಿಯದು.

ಸಣ್ಣ ಕಂಪನಿಗಳೂ ಮುಳುಗಿವೆ, ಅದನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ. ಬೆಂಗಳೂರಿನ ಏರ್ ಪೆಗಾಸಸ್ 2015ರ ಏಪ್ರಿಲ್‌ನಲ್ಲಿ ತನ್ನ ಮೊದಲ ವಿಮಾನವನ್ನು ಹಾರಿಸಿದ್ದೇ ಹುಬ್ಬಳ್ಳಿಗೆ, 2016ರ ಜುಲೈನಲ್ಲಿ ಅದು ನಿಂತುಹೋಯಿತು. ಹೈದರಾಬಾದಿನ ಟ್ರೂಜೆಟ್ 2015ರಿಂದ 2022ರವರೆಗೆ ಬಾಳಿತು. ಅದಕ್ಕಾಗಿಯೇ ಯಾವ ಪ್ರಾದೇಶಿಕ ಕಂಪನಿ ಎಂಬುದನ್ನು ನೋಡಿ ಆರಿಸಬೇಕು ಎನ್ನುತ್ತೇವೆ. ಆ ಕಂಪನಿಯ ವಿಮಾನಗಳಲ್ಲಿ ಇಂದು ಹಾರುತ್ತಿರುವವು ಎಷ್ಟು, ಬಿಡಿಭಾಗವಿಲ್ಲದೆ ನೆಲದಲ್ಲಿ ನಿಂತಿರುವವು ಎಷ್ಟು ಎಂದು ನಿಮ್ಮ ಮಗಳು ಕೇಳಲಿ. ಈ ಕಂಪನಿಗಳ ವಿಮಾನಗಳು ಬಹುತೇಕ ಬಾಡಿಗೆಯವು, ಬಾಡಿಗೆ ಬಾಕಿ ಬಿದ್ದರೆ ಮಾಲೀಕರು ವಿಮಾನವನ್ನು ವಾಪಸು ಕೇಳುತ್ತಾರೆ, ಕಂಪನಿಯ ಕುಸಿತ ಅಲ್ಲಿಂದಲೇ ಶುರುವಾಗುತ್ತದೆ. ಕಳೆದ ಒಂದು ವರ್ಷದಲ್ಲಿ ಸಂಬಳ ಯಾವ ತಾರೀಖಿಗೆ ಬಂತು ಎಂಬುದನ್ನು ಅಲ್ಲಿ ಕೆಲಸ ಮಾಡುವ ಕೋ-ಪೈಲಟ್‌ಗಳಿಂದಲೇ ತಿಳಿದುಕೊಳ್ಳಲಿ. ಕಲಿಸುವ ಕ್ಯಾಪ್ಟನ್‌ಗಳು ಸಾಕಷ್ಟು ಇಲ್ಲದ ಕಡೆ ಹೊಸಬರು ಟೈಪ್ ರೇಟಿಂಗ್ ಮುಗಿಸಿಯೂ ಲೈನ್ ತರಬೇತಿಗೆ, ಅಂದರೆ ಪ್ರಯಾಣಿಕರಿರುವ ನಿಜ ಹಾರಾಟದಲ್ಲಿ ಪಡೆಯುವ ತರಬೇತಿಗೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅದನ್ನೂ ವಿಚಾರಿಸಲಿ.

ಇಲ್ಲಿ ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಇರುವ ಒಂದು ನೋವನ್ನೂ ಹೇಳಬೇಕು. ಪ್ರಾದೇಶಿಕ ಕಂಪನಿಗಳು ಮುಳುಗುವುದಕ್ಕೆ ಅವುಗಳ ಆಡಳಿತವೊಂದೇ ಕಾರಣವಲ್ಲ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಉಡಾನ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಒಂದು ಮಾರ್ಗಕ್ಕೆ ಮೂರು ವರ್ಷ ಸಹಾಯಧನ ಕೊಡುತ್ತದೆ, ಆಮೇಲೆ ಕೈಬಿಡುತ್ತದೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಯೋಜನೆಯ ಮೊದಲ ಮೂರು ಹಂತಗಳಲ್ಲಿ ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ, ಮೂರು ವರ್ಷ ಪೂರೈಸಿದ್ದು 112, ಅದರ ನಂತರವೂ ಉಳಿದದ್ದು 54. ಬೀದರಿಗೆ 2020ರ ಫೆಬ್ರುವರಿಯಲ್ಲಿ ವಿಮಾನ ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಟರ್ಮಿನಲ್ ಉದ್ಘಾಟನೆಗೆ ಸಾವಿರಾರು ಜನ ಸೇರುವ ನಮ್ಮ ಊರುಗಳಲ್ಲಿ, ಆರು ತಿಂಗಳ ನಂತರ ಅದೇ ಮಾರ್ಗ ನಿಂತಾಗ ಒಂದು ಮನವಿಪತ್ರ ಕೊಡುವವರೂ ಸಿಗುವುದಿಲ್ಲ. ಹುಬ್ಬಳ್ಳಿಯ ಹೊಸ ಟರ್ಮಿನಲ್ 2017ರ ಡಿಸೆಂಬರ್‌ನಲ್ಲಿ ತೆರೆಯಿತು. ಅದಕ್ಕೂ ಮುಂಚೆ, ಯಾವ ದೊಡ್ಡ ಜೆಟ್ಟೂ ಈ ಕಡೆ ತಲೆಹಾಕದ ವರ್ಷಗಳಲ್ಲಿ, ಇಲ್ಲಿನ ವ್ಯಾಪಾರಿಗಳನ್ನೂ ರೋಗಿಗಳನ್ನೂ ಬೆಂಗಳೂರಿಗೆ ಮುಟ್ಟಿಸಿದ್ದು ಪ್ರೊಪೆಲ್ಲರ್ ವಿಮಾನಗಳೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಕಟ್ಟಿ, ಬಸ್ಸು ರೈಲು ಹತ್ತುವ ಜನರೂ ವಿಮಾನ ಹತ್ತಬಹುದೆಂದು ತೋರಿಸಿದ್ದೂ ಎಟಿಆರ್‌ಗಳಿಂದಲೇ. 2019ರ ಜನವರಿಯಲ್ಲಿ ಸ್ಟಾರ್ ಏರ್ ತನ್ನ ಹಾರಾಟವನ್ನು ಆರಂಭಿಸಿದ್ದು ಬೆಂಗಳೂರು-ಹುಬ್ಬಳ್ಳಿ ನಡುವೆ. ಅದೇ ವರ್ಷದ ನವೆಂಬರ್‌ನಲ್ಲಿ 50 ಸೀಟಿನ ಪುಟ್ಟ ಎಂಬ್ರೇಯರ್ ಜೆಟ್ಟಿನಲ್ಲಿ ನಮ್ಮನ್ನು ದೆಹಲಿಯ ಮಗ್ಗುಲಿನ ಹಿಂಡನ್‌ಗೆ ಜೋಡಿಸಿತು. ನಮ್ಮ ಊರುಗಳನ್ನು ಲೆಕ್ಕಕ್ಕೆ ತೆಗೆದುಕೊಂಡವರು ಇವರು. ಇಂಥ ಕಂಪನಿಗಳಿಗೆ ನಮ್ಮ ಮಕ್ಕಳೇ ಹೋಗಬಾರದು ಎಂದರೆ, ಇನ್ನಾರು ಹೋಗಬೇಕು?

ಭಾರತದ ನಾಗರಿಕ ವಿಮಾನಯಾನ ಹುಟ್ಟಿದ್ದೇ ಪುಟ್ಟ ವಿಮಾನದಲ್ಲಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. ನಿಮ್ಮ ಮಗಳಿಗೆ ಇನ್ನೂ ಹತ್ತಿರದ ಉದಾಹರಣೆ ಪ್ರೇಮ್ ಮಾಥುರ್ ಅವರದು. 1947ರಲ್ಲಿ ವಾಣಿಜ್ಯ ಪರವಾನಗಿ ಪಡೆದ ಅವರನ್ನು ಹೆಣ್ಣೆಂಬ ಕಾರಣಕ್ಕೆ ಹಲವು ಕಂಪನಿಗಳು ಹಿಂದಕ್ಕೆ ಕಳಿಸಿದ್ದವು. ಕೆಲಸ ಕೊಟ್ಟದ್ದು ಹೈದರಾಬಾದಿನ ಪ್ರಾದೇಶಿಕ ಸಂಸ್ಥೆಯಾದ ಡೆಕ್ಕನ್ ಏರ್‌ವೇಸ್. ಭಾರತದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಎಂಬ ಗೌರವ ಅವರಿಗೆ ಸಂದದ್ದು ಆ ಸಣ್ಣ ಸಂಸ್ಥೆಯ ಬಾಗಿಲಿನಿಂದ. ಇಂದು ನಮ್ಮ ದೇಶದ ಪೈಲಟ್‌ಗಳಲ್ಲಿ ಶೇ. 15ರ ಆಸುಪಾಸು ಮಹಿಳೆಯರಿದ್ದಾರೆ, ಜಗತ್ತಿನ ಸರಾಸರಿಗಿಂತ ಇದು ಬಹಳ ಹೆಚ್ಚು.

ಒಂದು ಮಾತಿಗೆ ನೀವು ಬೇಸರಿಸಬಾರದು. ನಾಲ್ಕು ಪುಟಗಳಲ್ಲಿ ಅಳಿಯಂದಿರ ಅಭಿಪ್ರಾಯವಿದೆ, ನಿಮ್ಮ ಆತಂಕವಿದೆ, ‘ದೊಡ್ಡ ಕಂಪನಿಯ ಹೆಸರು ಹೇಳಿದರೆ ನಾಳೆ ಬೀಗರ ಮುಂದೆ ತೂಕ ಬರುತ್ತದೆ’ ಎಂಬ ಸಾಲೂ ಇದೆ. ಮಗಳಿಗೆ ಏನನ್ನಿಸಿದೆ ಎಂಬುದು ಎಲ್ಲಿಯೂ ಇಲ್ಲ. ಹೊಲ ಮಾರಿ ಮಗಳನ್ನು ಪೈಲಟ್ ಮಾಡಿದ ತಂದೆ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಜನ ಸಿಗುತ್ತಾರೆ? ಅಂಥ ಎದೆಗಾರಿಕೆ ತೋರಿಸಿದ ನೀವು ಬೀಗರ ತೂಕಕ್ಕೆ ಅಳುಕುವುದು ನಮಗೆ ಸರಿಯೆನ್ನಿಸಲಿಲ್ಲ. ಮುನ್ನೂರು ಗಂಟೆ, ಐನೂರು ಗಂಟೆ ಎಂದು ಲಾಗ್‌ಬುಕ್ ತುಂಬಿಸಿಕೊಳ್ಳುತ್ತಿರುವ ಹುಡುಗಿಯ ಮುಂದೆ, ಏರ್‌ಬಸ್‌ಗೆ ಅರ್ಜಿ ಹಾಕಿ ಮನೆಯಲ್ಲಿ ಕುಳಿತವರ ಮಾತು ಯಾವ ಆಯ್ಕೆ ಮಂಡಳಿಯಲ್ಲೂ ನಡೆಯುವುದಿಲ್ಲ. ಅವಳನ್ನು ಕೂಡಿಸಿಕೊಂಡು ಮೊದಲು ಕೇಳಿ.

ಕೊನೆಯದಾಗಿ ಕರಾರಿನ ವಿಷಯ. ಟೈಪ್ ರೇಟಿಂಗ್ ಖರ್ಚನ್ನು ಕಂಪನಿ ಹಾಕಿದರೆ ಇಷ್ಟು ವರ್ಷ ಬಿಡುವಂತಿಲ್ಲ ಎಂಬ ಬಾಂಡ್ ಬರೆಸಿಕೊಳ್ಳುತ್ತಾರೆ, ಅದರಲ್ಲಿ ಅನ್ಯಾಯವಿಲ್ಲ. ಆದರೆ ಸೇವೆ ಮುಂದುವರಿದಂತೆ ಬಾಂಡಿನ ಮೊತ್ತ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ, ಕಂಪನಿಯೇ ಹಾರಾಟ ನಿಲ್ಲಿಸಿದರೆ ಅಥವಾ ಸಂಬಳ ಕೊಡದಿದ್ದರೆ ಬಾಂಡ್ ತಾನಾಗಿ ರದ್ದಾಗುತ್ತದೆಯೇ ಎಂಬ ಎರಡು ಅಂಶಗಳು ಬರಹದಲ್ಲಿ ಇರಲೇಬೇಕು. ಗದಗಿನ ಹುಡುಗನೊಬ್ಬ ಇದನ್ನು ನೋಡದೆ ಸಹಿ ಹಾಕಿ, ಕಂಪನಿ ಐದು ತಿಂಗಳು ಸಂಬಳ ಬಾಕಿ ಉಳಿಸಿಕೊಂಡ ಮೇಲೂ ಹೊರಬರಲಾಗದೆ ಒದ್ದಾಡಿದ್ದನ್ನು ನಾವು ಹತ್ತಿರದಿಂದ ಬಲ್ಲೆವು. ಡಿಜಿಸಿಎ 2017ರಲ್ಲಿ ಮಾಡಿದ ನಿಯಮದಂತೆ ಕೆಲಸ ಬಿಡಲು ಕೋ-ಪೈಲಟ್ ಆರು ತಿಂಗಳ, ಕಮಾಂಡರ್ ಹನ್ನೆರಡು ತಿಂಗಳ ನೋಟಿಸು ಕೊಡಬೇಕು, ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ಸಹಿಗೆ ಮುಂಚೆ ಕರಾರುಪತ್ರವನ್ನು ಹಾವೇರಿಯಲ್ಲೋ ಧಾರವಾಡದಲ್ಲೋ ಸೇವಾ ವಿಷಯ ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ. ಮೇಲಿನ ಎರಡು ಅಂಶಗಳಿಗೆ ಕಂಪನಿ ಲಿಖಿತವಾಗಿ ಒಪ್ಪಿದರೆ, ಸೇರುವ ದಿನವನ್ನು ಮುಂದೂಡಬೇಡಿ.

— ಸಂಪಾದಕ