ಓದುಗರ ಪ್ರಶ್ನೆ: ಕೆಳಗ ಹಡಗು, ಮ್ಯಾಲ ಬ್ರಿಜ್ ಕೆಲಸ, ಇದು ಹೆಂಗ ಸಾಧ್ಯ?

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ರನ್‌ಕಾರ್ನ್ ಅನ್ನೋ ಊರಾಗ ಕೆಲಸಕ್ಕ ಅದಾನ್ರಿ. ಅಲ್ಲಿ ನದಿ, ಹಡಗಿನ ಕಾಲುವಿ ಎರಡೂ ದಾಟೋ ಕೇಬಲ್ ಬ್ರಿಜ್ ಫೋಟೋ ಕಳ್ಸಿದ್ದ. ನಮ್ಮ ಕೊಲ್ಹಾರ ಬ್ರಿಜ್ ಕೃಷ್ಣಾ ಹಿನ್ನೀರಿನ ಮ್ಯಾಲ ಎಷ್ಟು ಉದ್ದ ಐತಿ, ಸಾಲಾಗಿ ಕಂಬ ನಿಲ್ಲಿಸಿ ಮುಗ್ಸ್ಯಾರ. ಅವ್ರಿಗೆ ಈ ಹಗ್ಗದ ಉಸಾಬರಿ ಯಾಕ? (ಕೊಲ್ಹಾರದ ಓದುಗರು)

ಉತ್ತರ: ಹಗ್ಗದ ಉಸಾಬರಿ ಅಂದ್ರಲ್ಲ, ನಗು ಬಂತು ನೋಡ್ರಿ. ಅದು ಮರ್ಸಿ ಗೇಟ್‌ವೇ ಬ್ರಿಜ್, 2017ರ ಅಕ್ಟೋಬರ್‌ನ್ಯಾಗ ಓಡಾಟಕ್ಕ ಶುರು ಆತು. ಕೊಲ್ಹಾರದಾಗ ಬ್ರಿಜ್ ಕೆಳಗ ಹೋಗೂದು ಏನ್ರಿ, ಮೀನು ಹಿಡಿಯೋರ ತೆಪ್ಪ, ಅದಕ್ಕ ಎರಡು ಕಂಬದ ನಡುವ ಎಷ್ಟು ಜಾಗ ಇದ್ರೂ ನಡೀತೈತಿ. ಅಲ್ಲಿ ಹಂಗಲ್ಲ, ಕೆಳಗ ಮ್ಯಾಂಚೆಸ್ಟರ್ ಶಿಪ್ ಕೆನಾಲ್ ಐತಿ, 1894ರಾಗ ತೆಗೆದಿದ್ದು, ಸುಮಾರು 58 ಕಿಲೋಮೀಟರ್ ಉದ್ದ, ಸಮುದ್ರದ ಹಡಗು ಮ್ಯಾಂಚೆಸ್ಟರ್ ತನಕ ಬರ್ಲಿ ಅಂತ ತೋಡಿದ್ದು. ಅದರ ನಡುವ ಕಂಬ ನಿಲ್ಲಿಸಿದ್ರ ಕಾಲುವಿನೇ ಯಾಕ ಬೇಕಿತ್ತು? ಪಕ್ಕದ ಮರ್ಸಿ ನದಿನೂ ಸುಮ್ಮನ ಇರೂದಿಲ್ಲ, ಸಮುದ್ರದ ಉಬ್ಬರ ಇಳಿತಕ್ಕ ಮರಳು ಇವತ್ತು ಇಲ್ಲಿದ್ರ ನಾಳೆ ಅಲ್ಲಿ, ಅದಕ್ಕ ನೀರಿನ ಹರಿವಿಗೆ ಅಡ್ಡ ಆಗಬಾರ್ದು ಅಂತ ಒಂದು ಕಿಲೋಮೀಟರ್ ಮುಖ್ಯ ಬ್ರಿಜ್‌ಗೆ ಮೂರೇ ಟವರ್ ಹಾಕಿ, ಅವುಗಳಿಂದ ಬಿಗಿದ ಕೇಬಲ್ಲಿಗೆ ರಸ್ತೆ ಜೋತು ಹಾಕ್ಯಾರ. ಮೂರೂ ಒಂದೇ ಎತ್ತರ ಇಲ್ಲ, ನಡುವಿಂದು ಗಿಡ್ಡ, 80 ಮೀಟರ್, ಆಕಡೆ 110, ಈಕಡೆ 125.

ಹಡಗಿಗೆ ಅಗಲ ಎಷ್ಟು ಮುಖ್ಯನೋ ಎತ್ತರನೂ ಅಷ್ಟೇ ಮುಖ್ಯ. ಸುಯೆಜ್ ಕಾಲುವಿ ಮ್ಯಾಲ ಕಂತಾರಾ ಹತ್ರ 2001ರಾಗ ಆದ ಕೇಬಲ್ ಬ್ರಿಜ್ ನೀರಿನಿಂದ 70 ಮೀಟರ್ ಮ್ಯಾಲ ಐತಿ. ನಮ್ಮ ಗೋಲ್ ಗುಂಬಜ್ ಸುಮಾರು 51 ಮೀಟರ್ರಿ, ಅದನ್ನ ಎತ್ತಿ ತೇಲೋ ದೋಣ್ಯಾಗ ಇಟ್ರೂ ಕೆಳಗ ಆರಾಮ ಹೊಕ್ಕೈತಿ. ಪನಾಮಾ ಕಾಲುವಿ ಅಟ್ಲಾಂಟಿಕ್ ಬಾಯಿಗೆ 2019ರಾಗ ಆದದ್ದು 75 ಮೀಟರ್ ಎತ್ತರ, ಎರಡು ಟವರ್ ನಡುವ 530 ಮೀಟರ್ ಒಂದೂ ಕಂಬ ಇಲ್ಲ.

ಪ್ರಶ್ನೆ: ಹಡಗು ನಿಲ್ಲಸದ ಕಟ್ಟಿದ್ರು ಅಂತಾರ, ಸೆಂಟ್ರಿಂಗ್ ಎಲ್ಲಿ ನಿಲ್ಲಸ್ತಾರ? ನಮ್ಮಲ್ಲಿ ಒಂದು ಸ್ಲ್ಯಾಬ್ ಹಾಕಾಕ ಓಣಿ ತುಂಬ ಬೊಂಬು ನಿಲ್ಲಸ್ತೀವಿ. (ಜಮಖಂಡಿಯ ಗೌಂಡಿ ಮೇಸ್ತ್ರಿ)

ಉತ್ತರ: ಮೇಸ್ತ್ರಿ, ಪ್ರಶ್ನೆ ಅಂದ್ರ ಇದು. ಸೆಂಟ್ರಿಂಗ್ ನೀರಾಗ ನಿಲ್ಲೂದಿಲ್ಲ, ಬ್ರಿಜ್ಜಿಗೇ ಜೋತು ಬೀಳ್ತೈತಿ. ಮೊದಲು ಟವರ್ ಏರಸ್ತಾರ. ಅದಾದ ಮ್ಯಾಲ ಟವರ್ ಬುಡದಿಂದ ರಸ್ತೆ ಎರಡೂ ದಿಕ್ಕಿಗೆ ಒಂದೊಂದೇ ತುಂಡು ಬೆಳೀತೈತಿ, ಥೇಟ್ ತಕ್ಕಡಿ, ಎಡಕ್ಕೊಂದು ಹಾಕಿದ್ರ ಬಲಕ್ಕೊಂದು ಹಾಕಬೇಕು, ಬರೀ ಒಂದು ಕಡೆ ಹಾಕ್ಕೋತ ಹೋದ್ರ ಟವರ್ ಬಾಗ್ತೈತಿ. ತುದಿಗೆ ಕಬ್ಬಿಣದ ದೊಡ್ಡ ಗಾಡಿ ಇರ್ತೈತಿ, ಫಾರ್ಮ್ ಟ್ರಾವೆಲರ್ ಅಂತಾರ, ಅದರ ಹೊಟ್ಟ್ಯಾಗ ಅಚ್ಚು. ಕಾಂಕ್ರೀಟ್ ಹಾಕು, ಗಟ್ಟಿ ಆಗ್ಲಿ, ಟವರಿನಿಂದ ಕೇಬಲ್ ತಂದು ಜ್ಯಾಕ್ ಹಚ್ಚಿ ಎಳಿ, ಗಾಡಿ ಮುಂದ ದೂಡು, ಮತ್ತ ಹಾಕು. ಕೆಳಗ ಹಡಗು ಹೊಂಟೇ ಇರ್ತಾವ.

ಗೋಕಾಕ್ ಫಾಲ್ಸಿನ ತೂಗು ಸೇತುವೆ ಹಿಂಗ ಕಟ್ಟಾಕ ಬರೂದಿಲ್ಲ. ಅಲ್ಲಿ ದಂಡಿಯಿಂದ ದಂಡಿಗೆ ಹಗ್ಗ ಮೊದಲು ಬಿಗೀಬೇಕು, ಆಮ್ಯಾಲ ಅದಕ್ಕ ದಾರಿ ನೇತು ಹಾಕಬೇಕು. ಇಲ್ಲಿ ಹಗ್ಗ ನೇರ ಟವರಿನಿಂದ ರಸ್ತೆಗೆ, ಅದಕ್ಕ ಎಷ್ಟು ಕಟ್ಟೀರಿ ಅಷ್ಟು ತನ್ನ ಭಾರ ತಾನ ಹೊರ್ತೈತಿ. ಮ್ಯಾಲ ನಡಕೊಂಡು ಹೋದ್ರೂ ಕೇಬಲ್ ಬ್ರಿಜ್ ಗೋಕಾಕಿನಂಗ ತೂಗೂದಿಲ್ಲ.

ಎರಡೂ ಕಡೆಯಿಂದ ಬಂದ ತುದಿ ನಡುವ ಕೂಡೂದು ಐತಲ್ಲ, ಅದಕ್ಕ ಎದಿ ಗಟ್ಟಿ ಬೇಕು. ಬಿಸಿಲಿಗೆ ಕೇಬಲ್ ಹಿಗ್ಗಿದ್ರ ತುದಿ ಕೆಳಗ ಇಳೀತೈತಿ, ಅದಕ್ಕ ಲೆವೆಲ್ ಅಳತಿ ನಸುಕಿನ್ಯಾಗ ತಗೋತಾರ. ನಾ ಸರ್ವಿಸ್ನ್ಯಾಗ ಇದ್ದಾಗ ಬಾಗಲಕೋಟಿ ಬ್ಯಾಸಗ್ಯಾಗ ಒಂದು ಉಕ್ಕಿನ ಗರ್ಡರ್ ಮಟಮಟ ಮಧ್ಯಾಹ್ನ ಅಳತಿ ಮಾಡಿ ರಾತ್ರಿ ಕೂಡಸಾಕ ಹೋದೆ, ಒಂದು ಬೆರಳು ಕಡಿಮಿ ಬಿತ್ತು. ಆ ರಾತ್ರಿ ತಿಂದ ಬೈಗುಳ ಇನ್ನೂ ನೆನಪೈತಿ.

ಪ್ರಶ್ನೆ: ಒಂದು ಕೇಬಲ್ ಹರಿದ್ರ ಗತಿ ಏನು? (ಇಳಕಲ್ಲಿನಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಒಂದು ಹೋದ್ರೂ ಬ್ರಿಜ್ ನಿಲ್ಲಬೇಕು ಅಂತನೇ ಈಗ ಡಿಸೈನ್ ಮಾಡ್ತಾರವ್ವ. ಒಂದು ಕೇಬಲ್ ಅಂದ್ರ ಒಂದೇ ತಂತಿ ಅಲ್ಲ, ಕೊಳವಿ ಒಳಗ ಹತ್ತಾರು ಎಳಿ ಇರ್ತಾವ, ಒಂದು ಕೆಟ್ರ ಅದಷ್ಟನ್ನೇ ತೆಗೆದು ಬ್ಯಾರೆ ಹಾಕಬಹುದು. ಇಟಲಿಯ ಜಿನೋವಾದಾಗ 1967ರ ಮೊರಾಂಡಿ ಬ್ರಿಜ್ 2018ರ ಆಗಸ್ಟ್ 14ಕ್ಕ ಬಿತ್ತು, 43 ಜೀವ ಹೋದ್ವು. ಅದರಾಗ ಒಂದು ಟವರಿಗೆ ನಾಲ್ಕೇ ಕೇಬಲ್ ಕಟ್ಟು, ಅವನ್ನೂ ಕಾಂಕ್ರೀಟಿನ್ಯಾಗ ಹುಗಿದಿದ್ರು, ಒಳಗ ತುಕ್ಕು ಹಿಡದ್ರ ಹೊರಗಿಂದ ಕಾಣೂದೇ ಇಲ್ಲ. ಹಡಗು ಬಂದು ಕಂಬಕ್ಕ ಗುದ್ದೂದು ಬ್ಯಾರೆ ಕಥಿ, 2024ರ ಮಾರ್ಚಿನ್ಯಾಗ ಬಾಲ್ಟಿಮೋರಿನ್ಯಾಗ ಹಂಗ ಆಗಿ ಬ್ರಿಜ್ಜಿನ ಮುಖ್ಯ ಭಾಗನೇ ಕುಸಿತು. ಅದು ಕೇಬಲ್ ಬ್ರಿಜ್ ಅಲ್ಲ, ಆದ್ರ ಟವರ್ ಹಡಗಿನ ದಾರಿಯಿಂದ ಎಷ್ಟು ದೂರ ಇದ್ರ ಅಷ್ಟು ಚಲೋ ಅನ್ನೂದು ಎಲ್ಲಾದಕ್ಕೂ ಒಂದೇ.

ಪ್ರಶ್ನೆ: ನಮ್ಮ ಕೃಷ್ಣಾ, ಘಟಪ್ರಭಾಕ್ಕ ಇಂಥಾದ್ದು ಯಾವಾಗ? (ಬೆಳಗಾವಿಯ ಓದುಗರು)

ಉತ್ತರ: ಹಡಗು ತರ್ರಿ, ಆಮ್ಯಾಲ ಮಾತಾಡೂಣು. ನೋಡೂ ಆಸೆ ಇದ್ರ ಚೋರ್ಲಾ ಘಾಟ್ ಇಳೀರಿ, ಗೋವಾದಾಗ ಜುವಾರಿ ನದಿ ಮ್ಯಾಲ ಹೊಸದು ಐತಿ, 2022ರ ಡಿಸೆಂಬರಿನ್ಯಾಗ ಒಂದು ಕಡೆ ಲೇನ್ ಬಿಟ್ರು, ಟವರ್ ನಡುವಿನ ಅಂತರ 360 ಮೀಟರ್. ಅಲ್ಲೂ ಕೆಳಗ ಅದಿರಿನ ಬಾರ್ಜ್ ಓಡಾಡೂ ನೀರು. ಆದ್ರ ಬ್ರಿಜ್ ಮ್ಯಾಲ ಗಾಡಿ ನಿಲ್ಲಿಸಿ ಸೆಲ್ಫಿ ಬ್ಯಾಡ್ರಿ, ದಂಡಿಗೆ ಇಳದು ಕೆಳಗಿನಿಂದ ನೋಡ್ರಿ, ಒಂದೊಂದು ತುಂಡು ಕೂಡಿದ ಗೆರಿ ಅಲ್ಲಿಂದನೇ ಕಾಣ್ತಾವ.