ಕೇಳಿಸದಿದ್ದರೂ ‘ಹ್ಞೂಂ’ ಅನ್ನುವವರಿಗೆ

ಓದುಗರ ಪತ್ರ: ತುಮಕೂರು ಜಿಲ್ಲೆಯ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ ನಾನು. ಎರಡೂ ಕಿವಿ ಮಂದ, ಮಷಿನ್ ಹಾಕುತ್ತೇನೆ. ಮೀಟಿಂಗ್‌ನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ‘ಗೊತ್ತಾಯ್ತಾ?’ ಅಂದರೆ ತಲೆಯಾಡಿಸಿಬಿಡುತ್ತೇನೆ. ಅಂಗವಿಕಲತೆಯ ಸರ್ಟಿಫಿಕೇಟ್‌ನಲ್ಲಿ 40 ಪರ್ಸೆಂಟ್ ಕೂಡ ಇಲ್ಲ. ಅನುಕೂಲ ಕೇಳಿದರೆ ‘ಇವಳ ಕೈಲಿ ಕೆಲಸ ಆಗಲ್ಲ’ ಅಂದುಕೊಳ್ಳುವುದಿಲ್ಲವೇ?

ಸಂಪಾದಕರ ಉತ್ತರ: ಆ ತಲೆಯಾಡಿಸುವುದು ನನಗೂ ಚೆನ್ನಾಗಿ ಗೊತ್ತು. ನನ್ನ ಕಿವಿಯೂ ನಿಮ್ಮದರ ಹಾಗೆಯೇ.

ಉಪಸಂಪಾದಕನಾಗಿದ್ದ ಕಾಲದ ಮಾತು. ಫೋನಿನಲ್ಲಿ ಯಾರೋ ನಿಧನವಾರ್ತೆ ಬರೆಸಿದರು. ಹೆಸರು ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಕೇಳಲು ನಾಚಿಕೆ. ‘ಹ್ಞೂಂ ಹ್ಞೂಂ’ ಅಂದು ಬರೆದುಕೊಂಡೆ. ಮಾರನೆಯ ದಿನ, ತೀರಿಕೊಂಡ ಅಣ್ಣನ ಬದಲು ಬದುಕಿರುವ ತಮ್ಮನ ಹೆಸರು ಅಚ್ಚಾಗಿತ್ತು. ಎರಡು ಹೆಸರಿಗೂ ಒಂದೇ ಅಕ್ಷರದ ವ್ಯತ್ಯಾಸ: ಒಂದರಲ್ಲಿ ‘ಸ’, ಇನ್ನೊಂದರಲ್ಲಿ ‘ಚ’. ಕಿವಿ ಮಂದವಾದಾಗ ಹೆಚ್ಚಾಗಿ ಮೊದಲು ಕೈಕೊಡುವುದು ಇಂಥ ಸಣ್ಣ, ಚೂಪು ಸದ್ದುಗಳೇ. ಆದರೆ ಕಚೇರಿಯಲ್ಲಿ ಯಾರೂ ಕಿವಿಯ ಮಾತೆತ್ತಲಿಲ್ಲ. ‘ಗಮನ ಇಲ್ಲದ ಮನುಷ್ಯ’ ಅಂದರು. ಯಾಕೆ ಅನ್ನಬಾರದು? ಕಿವಿಯ ವಿಷಯ ನಾನು ಹೇಳಿದ್ದರೆ ತಾನೇ!

ನಿಮ್ಮ ಭಯಕ್ಕೆ ನನ್ನ ಉತ್ತರ ಇಷ್ಟೇ. ಕೆಲಸ ಬಾರದವಳು ಅನ್ನಿಸಿಕೊಳ್ಳುವ ಅಪಾಯ ಕೇಳುವುದಕ್ಕಿಂತ ತಲೆಯಾಡಿಸುವುದರಲ್ಲೇ ಜಾಸ್ತಿ.

ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ ಅಂತಾರಲ್ಲ, ಆ ಗಾದೆ ನನಗೆ ಅಷ್ಟು ಹಿಡಿಸುವುದಿಲ್ಲ. ಅಳುವ ಮಗುವಿಗೆ ಏನು ಬೇಕು ಅಂತ ತಾಯಿಯೇ ಊಹಿಸಬೇಕು. ಸಾಹೇಬರು ಊಹಿಸಲ್ಲ. ‘ನನಗೆ ಕೇಳಿಸಲ್ಲ ಸಾರ್’ ಅಂದರೆ ಅವರು ‘ಅಯ್ಯೋ ಪಾಪ’ ಅಂದು ಸುಮ್ಮನಾಗುತ್ತಾರೆ, ಇಲ್ಲವೇ ಎರಡು ದಿನ ಕಿರುಚಿ ಮಾತಾಡುತ್ತಾರೆ. ಅವರೇನು ಮಾಡಬೇಕು ಅನ್ನುವುದೂ ನಿಮ್ಮ ಮಾತಿನಲ್ಲೇ ಇರಲಿ: ‘ಸಾರ್, ನನಗೆ ಕಿವಿ ಮಂದ. ಮೀಟಿಂಗ್‌ನಲ್ಲಿ ಫ್ಯಾನಿನಿಂದ ದೂರ, ನಿಮ್ಮ ಎದುರಿನ ಕುರ್ಚಿ ಕೊಡಿ. ನನ್ನ ಪಾಲಿನ ಕೆಲಸ ಏನು ಅಂತ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಹಾಕಿ.’ ಮಷಿನ್ ಫ್ಯಾನಿನ ಸದ್ದನ್ನೂ ಏರಿಸುತ್ತದೆ ಅನ್ನುವುದು ಹಾಕಿಕೊಳ್ಳದವರಿಗೆ ಗೊತ್ತಿರಲ್ಲ, ಹೇಳಿಬಿಡಿ. ಕಿಟಕಿಗೆ ಬೆನ್ನು ಹಾಕಿ ಕೂರಿ. ಆಗ ಬೆಳಕು ಮಾತಾಡುವವರ ಮುಖಕ್ಕೆ ಬೀಳುತ್ತದೆ, ತುಟಿ ಕಾಣುತ್ತದೆ.

ಇನ್ನೊಂದು. ಬರೀ ‘ಏನಂದ್ರಿ?’ ಅಂದರೆ ಅವರು ಪೂರ್ತಿ ಮೊದಲಿಂದ ಹೇಳಬೇಕು, ರೇಗುತ್ತಾರೆ. ‘ಶುಕ್ರವಾರದೊಳಗೆ ಅಂದ್ರಿ, ಯಾವ ಫೈಲ್?’ ಅಂತ ಕೇಳಿದರೆ ಒಂದೇ ಪದದಲ್ಲಿ ಮುಗಿಯುತ್ತದೆ.

ಪರ್ಸೆಂಟಿನ ವಿಷಯ. 40 ಪರ್ಸೆಂಟ್ ಬೇಕಾಗುವುದು ಮುಖ್ಯವಾಗಿ ಮೀಸಲಾತಿಯಂಥ ಸೌಲಭ್ಯಗಳಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ ‘ರೀಸನಬಲ್ ಅಕಾಮಡೇಶನ್’ ಅನ್ನುವುದು ಬೇರೆ. ಒಬ್ಬರ ಅಗತ್ಯಕ್ಕೆ ತಕ್ಕಂತೆ, ಎದುರಿನವರಿಗೆ ವಿಪರೀತ ಹೊರೆಯಾಗದ ಹಾಗೆ ಮಾಡಿಕೊಡುವ ಬದಲಾವಣೆ ಅದು. ಸರ್ಕಾರಿ ಕಚೇರಿ ತನ್ನ ನೌಕರರಿಗೆ ಅದನ್ನು ಕೊಡಲೇಬೇಕು ಅನ್ನುತ್ತದೆ 20ನೇ ಸೆಕ್ಷನ್. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಡಿಸಿ ಹೇಳಿತು. ವಿಕಾಸ್ ಕುಮಾರ್ ಅನ್ನುವವರಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. ಯುಪಿಎಸ್‌ಸಿ ಪರೀಕ್ಷೆಗೆ ಬರೆದುಕೊಡುವವರನ್ನು ಕೇಳಿದರು, ಸಿಗಲಿಲ್ಲ. 40 ಪರ್ಸೆಂಟ್ ಇಲ್ಲ ಅನ್ನುವ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ ಎಂದಿತು ಕೋರ್ಟು. ನೀವು ಕೇಳುತ್ತಿರುವುದಾದರೂ ಏನು? ಒಂದು ಕುರ್ಚಿ, ಎರಡು ಸಾಲು ಮೆಸೇಜು.

ಬಾಯಲ್ಲಿ ಹೇಳಿದ್ದು ನಡೆಯದಿದ್ದರೆ ಬರೆದುಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಇಂಥ ದೂರುಗಳಿಗೆ ಒಬ್ಬ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು ಅಂತ 23ನೇ ಸೆಕ್ಷನ್ ಹೇಳುತ್ತದೆ. ಅಲ್ಲಿವರೆಗೆ ಹೋಗುವ ಮೊದಲು ಎರಡು ಮೂರು ಸಲ ನೆನಪಿಸಿ. ಹೆಚ್ಚಿನವರು ಕೆಟ್ಟವರಲ್ಲ, ಮರೆತುಬಿಡುತ್ತಾರೆ ಅಷ್ಟೇ. ಸಾಹೇಬರು ಬದಲಾದಾಗಲೂ ಮತ್ತೆ ಮೊದಲಿಂದ ಹೇಳಬೇಕು. ಬೇಜಾರಿನ ಕೆಲಸವೇ, ಒಪ್ಪುತ್ತೇನೆ.

ನಾನೇನು ಪೂರ್ತಿ ಕಲಿತವನಲ್ಲ. ಹೋದ ವಾರ ಹೋಟೆಲಿನಲ್ಲಿ ಹುಡುಗ ಏನೋ ಕೇಳಿದ, ಅಭ್ಯಾಸಬಲದಿಂದ ತಲೆಯಾಡಿಸಿದೆ. ಎರಡು ಪ್ಲೇಟ್ ಖಾರಾಬಾತ್ ಬಂತು. ಒಂದನ್ನು ತಿಂದೆ, ಇನ್ನೊಂದನ್ನು ಕಟ್ಟಿಸಿಕೊಂಡು ಬಂದೆ.