ಓದುಗರ ಪ್ರಶ್ನೆಗೆ ಉತ್ತರ: ನ್ಯಾರೋಬೋಟ್ ನಡೆಸುವುದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಮಗಳು ಮತ್ತು ಅಳಿಯ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ್ದಾರೆ. ಬರುವ ಜೂನ್‌ನಲ್ಲಿ ನಾವೆಲ್ಲ ಸೇರಿ 5 ದಿನಗಳ ಮಟ್ಟಿಗೆ 57 ಅಡಿ ಉದ್ದದ ನ್ಯಾರೋಬೋಟ್ (ಕಾಲುವೆಗಳಲ್ಲಿ ಓಡುವ, ಉದ್ದವಾದ ಆದರೆ ಕಿರಿದಾದ ಎಂಜಿನ್ ದೋಣಿ) ಒಂದನ್ನು ಬಾಡಿಗೆಗೆ ಪಡೆದು, ಎಲ್ಸ್‌ಮಿಯರ್‌ನಿಂದ ವೇಲ್ಸ್‌ನ ಲ್ಯಾಂಗೊಲೆನ್ ಊರಿಗೆ ಕಾಲುವೆಯಲ್ಲೇ ಹೋಗಿ ಬರಬೇಕೆಂದಿದ್ದೇವೆ. ಹಿಂದಿನ ಸಲ ಹೋಗಿದ್ದಾಗ ಇಂಥ ದೋಣಿಯನ್ನು ಒಂದು ಗಂಟೆ ನಡೆಸಿ ನೋಡಿದ್ದೆ. ದೋಣಿ ತಿರುಗಿಸುವ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಯಿತು. ದಡಕ್ಕೆ ಬಡಿಯುತ್ತದೆಂದು ಹೆದರಿ ರಿವರ್ಸ್ ಗೇರ್ ಹಾಕಿದರೆ ಕಾಲುವೆಗೆ ಅಡ್ಡಲಾಗಿ ನಿಂತುಬಿಟ್ಟಿತು. 40 ವರ್ಷ ಕಾರು ಓಡಿಸಿದ್ದೇನೆ, ವಿ.ಸಿ. ನಾಲೆಯ ಪಕ್ಕದಲ್ಲೇ ಬೆಳೆದಿದ್ದೇನೆ. ಆದರೂ ಇದು ಕೈಗೆ ಹತ್ತಲಿಲ್ಲ. ಈ ವಯಸ್ಸಿನಲ್ಲಿ ಕಲಿಯಬಹುದೇ?
— ಹೆಸರು ಬೇಡ, ಮಂಡ್ಯ

ಉತ್ತರ: ಖಂಡಿತವಾಗಿ ಕಲಿಯಬಹುದು. ಬ್ರಿಟನ್ನಿನಲ್ಲಿ ರಜೆಯ ಪ್ರವಾಸಕ್ಕೆಂದು ಇಂಥ ದೋಣಿ ಬಾಡಿಗೆಗೆ ಪಡೆಯುವವರಿಗೆ ಚಾಲನಾ ಪರವಾನಗಿ ಕೂಡ ಬೇಕಿಲ್ಲ. ದೋಣಿ ಒಪ್ಪಿಸುವಾಗ ಅವರೇ ಜೊತೆಗೆ ನಿಂತು ಹೇಳಿಕೊಡುತ್ತಾರೆ. ನಿಮಗೆ ಅಡ್ಡಿಯಾಗಿರುವುದು ವಯಸ್ಸಲ್ಲ, 40 ವರ್ಷಗಳ ಕಾರಿನ ಅಭ್ಯಾಸ. ಕಾರಿನಲ್ಲಿ ಮುಂದಿನ ಚಕ್ರಗಳು ತಿರುಗುತ್ತವೆ, ಹಿಂಭಾಗ ಅವುಗಳ ಹಿಂದೆ ಬರುತ್ತದೆ. ಆದ್ದರಿಂದ ಚಾಲಕನ ಕಣ್ಣು ಮುಂದಕ್ಕೇ ನೆಟ್ಟಿರುತ್ತದೆ. ನ್ಯಾರೋಬೋಟಿನಲ್ಲಿ ಎಂಜಿನ್, ಪ್ರೊಪೆಲ್ಲರ್, ಚುಕ್ಕಾಣಿ, ನೀವು, ಎಲ್ಲವೂ ಹಿಂತುದಿಯಲ್ಲಿ. ನೀವು ನಿಜವಾಗಿ ನಡೆಸುತ್ತಿರುವುದು ಆ ಹಿಂತುದಿಯನ್ನೇ.

ಹಿಡಿಗೆ ಅಲ್ಲಿ ಟಿಲ್ಲರ್ ಎನ್ನುತ್ತಾರೆ. ನಮ್ಮ ಗದ್ದೆ ಉಳುವ ಟಿಲ್ಲರ್‌ಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಬಲಕ್ಕೆ ತಳ್ಳಿದಾಗ ನೀರೊಳಗಿನ ಚುಕ್ಕಾಣಿಯ ಹಲಗೆ ಎಡಕ್ಕೆ ಹೊರಳಿ, ಪ್ರೊಪೆಲ್ಲರ್ ದೂಡುವ ನೀರನ್ನು ಎಡಕ್ಕೆ ಎಸೆಯುತ್ತದೆ. ಆ ಒತ್ತಡಕ್ಕೆ ಹಿಂತುದಿ ಬಲಕ್ಕೆ ಸರಿಯುತ್ತದೆ, ದೋಣಿ ತನ್ನ ನಡುಭಾಗದ ಆಸುಪಾಸಿನಲ್ಲಿ ತಿರುಗಿ ಮೂತಿ ಎಡಕ್ಕೆ ಹೋಗುತ್ತದೆ. ಅಂದರೆ ಹಿಂತುದಿ ಯಾವಾಗಲೂ ನಿಮ್ಮ ಕೈ ಹೋದ ಕಡೆಗೇ ಹೋಗುತ್ತದೆ. ‘ಬಲಕ್ಕೆ ತಳ್ಳಿದರೆ ಎಡಕ್ಕೆ’ ಎಂದು ಬಾಯಿಪಾಠ ಮಾಡುವ ಬದಲು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮೊದಲ ದಿನದ ಗೊಂದಲದಲ್ಲಿ ಬಹುಪಾಲು ಕರಗುತ್ತದೆ. ಟ್ರಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ತೆಗೆದವರಿಗೆ ಇದು ಬೇಗ ಹತ್ತುತ್ತದೆ.

ಇಲ್ಲಿಂದ ಎರಡು ಮಾತು ತಾವಾಗಿ ಹೊರಡುತ್ತವೆ. ಪ್ರೊಪೆಲ್ಲರ್ ನೀರು ದೂಡದಿದ್ದರೆ ಚುಕ್ಕಾಣಿಗೆ ಬಲವಿಲ್ಲ. ಗೇರ್ ನ್ಯೂಟ್ರಲ್‌ಗೆ ಬಂತೆಂದರೆ ದೋಣಿ ತೇಲುತ್ತದೆಯೇ ಹೊರತು ನಿಮ್ಮ ಮಾತು ಕೇಳುವುದಿಲ್ಲ. ರಿವರ್ಸ್‌ನಲ್ಲಂತೂ ಪ್ರೊಪೆಲ್ಲರ್ ನೀರನ್ನು ಚುಕ್ಕಾಣಿಯಿಂದ ಆಚೆಗೆ, ದೋಣಿಯ ಅಡಿಗೆ ದೂಡುತ್ತದೆ; ಜೊತೆಗೆ ಅದು ಸುತ್ತುವ ರಭಸ ಹಿಂತುದಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ನಿಮ್ಮ ದೋಣಿ ಅಡ್ಡ ನಿಂತದ್ದು ಇದೇ ಕಾರಣಕ್ಕೆ. ಬ್ರೇಕ್ ಇಲ್ಲದ ವಾಹನವಾದ್ದರಿಂದ ರಿವರ್ಸ್ ಬೇಕೇ ಬೇಕು, ಆದರೆ ಅದು ನಿಲ್ಲಿಸುವುದಕ್ಕೆ, ದಿಕ್ಕು ಬದಲಿಸುವುದಕ್ಕಲ್ಲ. ಹಿಂದಕ್ಕೆ ಸಾಗಲೇಬೇಕಾದಾಗ ಸ್ವಲ್ಪ ದೂರ ಹಿಂದೆ ಹೋಗಿ, ಮೂತಿ ವಾಲಿದ ಕೂಡಲೇ ಗೇರನ್ನು ಮುಂದಕ್ಕೆ ಹಾಕಿ, ಟಿಲ್ಲರ್ ತಿರುಗಿಸಿ ಒಂದು ಕ್ಷಣ ಎಂಜಿನ್‌ಗೆ ಬಲ ಕೊಟ್ಟು ನೇರ ಮಾಡಿಕೊಂಡು, ಮತ್ತೆ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗುವಾಗ ಟಿಲ್ಲರ್ ಬೀಸುವ ಜಾಗದಲ್ಲಿ ಯಾರೂ ನಿಲ್ಲಬಾರದು. ಚುಕ್ಕಾಣಿ ಕೆಳಗಿನ ಕಲ್ಲಿಗೆ ತಾಗಿದರೆ ಆ ಕಬ್ಬಿಣದ ಹಿಡಿ ಆಳನ್ನೇ ನೀರಿಗೆ ಬೀಳಿಸುವಷ್ಟು ಜೋರಾಗಿ ಬೀಸುತ್ತದೆ.

ತಿರುವುಗಳ ವಿಷಯಕ್ಕೆ ಬರೋಣ. ತಿರುವಿಗೆ ಬರುವ ಮೊದಲೇ ವೇಗ ಇಳಿಸಿ, ದೋಣಿಯ ನಡುಭಾಗ ತಿರುವಿನ ಆರಂಭಕ್ಕೆ ಬಂದಾಗ ಟಿಲ್ಲರ್ ತಳ್ಳಿ, ಆಮೇಲೆ ಎಂಜಿನ್‌ಗೆ ಸ್ವಲ್ಪ ಬಲ ಕೊಡಿ. ಮೊದಲು ಜೋರಾಗಿ ಹೋಗಿ ಕೊನೆಯಲ್ಲಿ ಹೆದರಿ ಬಲ ತೆಗೆಯುವುದು ಹೊಸಬರೆಲ್ಲರೂ ಮಾಡುವ ತಪ್ಪು. ಚುಕ್ಕಾಣಿಗೆ ನೀರು ಬೇಕಾದ ಗಳಿಗೆಯಲ್ಲೇ ನೀರು ನಿಲ್ಲಿಸಿದಂತಾಗುತ್ತದೆ. ನೀವು ಹೋಗುವ ದಾರಿಯಲ್ಲಿ ಇದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ. ಕಣಿವೆಯ ಮೇಲೆ ಹಾಯುವ ಪಾಂಟ್‌ಕಸಲ್ಟೆ ಮೇಲ್ಗಾಲುವೆ ದಾಟಿದೊಡನೆ ಟ್ರೆವರ್ ಎಂಬಲ್ಲಿ ನೇರಕ್ಕೆ ಹೋದರೆ ದೋಣಿಗಳು ನಿಲ್ಲುವ ಕೊಳ, ಲ್ಯಾಂಗೊಲೆನ್ ಕಡೆಗಾದರೆ ಸೇತುವೆಯ ಅಡಿಯಲ್ಲಿ ಥಟ್ಟನೆ ಎಡಕ್ಕೆ ತಿರುಗಬೇಕು. ಅಲ್ಲಿ ದೋಣಿಯನ್ನು ನಿಲ್ಲುವಷ್ಟು ನಿಧಾನ ಮಾಡಿ, ಮಗಳನ್ನು ಮುಂದೆ ನಡೆದು ಹೋಗಿ ಎದುರು ದೋಣಿ ಇದೆಯೇ ನೋಡಲು ಹೇಳಿ, ಅನಂತರ ಟಿಲ್ಲರನ್ನು ಪೂರ್ತಿ ಬಲಕ್ಕೆ ತಳ್ಳಿ ಎಂಜಿನ್‌ಗೆ ತುಸು ಬಲ ಕೊಡಿ. ಅಲ್ಲಿಂದ ಮುಂದೆಯೂ ಒಂದೇ ದೋಣಿ ಹಿಡಿಸುವಷ್ಟು ಕಿರಿದಾದ ಜಾಗಗಳಿವೆ. ಪ್ರತಿ ಸಲವೂ ಒಬ್ಬರು ಮುಂದೆ ನಡೆಯುವುದು ಒಳ್ಳೆಯದು.

ವೇಗದ ಮಿತಿ ಗಂಟೆಗೆ 4 ಮೈಲಿ. ಬಹಳ ಕಡೆ ಅಷ್ಟೂ ಹೆಚ್ಚೇ. ಹಿಂದಕ್ಕೆ ತಿರುಗಿ ದಡದ ಅಂಚನ್ನು ನೋಡಿ: ನೀವು ಹಾದುಹೋಗುವಾಗ ನೀರು ದಡದಿಂದ ಜಾರಿ ಕೆಸರು ಕಾಣಿಸಿ, ಹಿಂದಿನಿಂದ ನೊರೆಯ ಅಲೆ ಬಂದು ಬಡಿಯುತ್ತಿದ್ದರೆ ನೀವು ಅತಿ ವೇಗದಲ್ಲಿದ್ದೀರಿ. ಆಳವಿಲ್ಲದ ಕಾಲುವೆಯಲ್ಲಿ ಎಂಜಿನ್‌ಗೆ ಎಷ್ಟು ಬಲ ಕೊಟ್ಟರೂ ಹಿಂತುದಿ ತಳಕ್ಕೆ ಕುಸಿದು ಡೀಸೆಲ್ ಉರಿಯುತ್ತದೆಯೇ ವಿನಾ ದಾರಿ ಸಾಗುವುದಿಲ್ಲ. ದಡಕ್ಕೆ ಹತ್ತಿರವಾದಾಗಲೂ ಇದೇ ನೀರಿನ ಸೆಳೆತ ಹಿಂತುದಿಯನ್ನು ದಡದತ್ತ ಎಳೆಯುತ್ತದೆ. ಬಲದಡದಿಂದ ಬಿಡಿಸಿಕೊಳ್ಳಲು ಮೂತಿಯನ್ನು ಎಡಕ್ಕೆ ತಿರುಗಿಸಹೊರಟರೆ ಹಿಂತುದಿ ಇನ್ನಷ್ಟು ಬಲಕ್ಕೆ, ದಡದೊಳಕ್ಕೇ ಹೋಗುತ್ತದೆ. ಮೊದಲು ಎಂಜಿನ್ ಬಲ ತಗ್ಗಿಸಿ, ಹಿಂತುದಿ ಕಾಲುವೆಯ ನಡುವಿಗೆ ಬರುವಂತೆ ಕೈಯನ್ನು ಅತ್ತಲೇ ಒಯ್ಯಿರಿ. ಆಗದಿದ್ದರೆ ಎಂಜಿನ್ ತಗ್ಗಿಸಿ ಗಳುವಿನಿಂದ ನೂಕಿ. ಕೈಕಾಲು ಚಾಚಿ ತಡೆಯುವ ಸಾಹಸ ಮಾತ್ರ ಬೇಡ. ದೋಣಿಯ ತೂಕ 15 ಟನ್ನಿಗೂ ಹೆಚ್ಚು.

ಎದುರು ದೋಣಿ ಬಂದರೆ ನಮ್ಮ ದೇಶದ ರಸ್ತೆಯ ಅಭ್ಯಾಸ ಬಿಟ್ಟು ಬಲಗಡೆ ಸರಿಯಬೇಕು. ಬಹಳ ಮುಂಚಿತವಾಗಿ ದಡ ಸೇರಿದರೆ ಹೂಳಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಮೂತಿಗಳು ಎದುರುಬದುರಾಗುವ ಮುನ್ನ ನಿಧಾನ ಮಾಡಿ, ಸ್ವಲ್ಪ ಬಲಕ್ಕೆ ಸರಿದು, ಮೂತಿಗಳು ಸಮವಾದ ಮೇಲೆ ಟಿಲ್ಲರನ್ನು ತುಸು ಬಲಕ್ಕೆ ತಳ್ಳಿದರೆ ನಿಮ್ಮ ಹಿಂತುದಿ ಅವರಿಂದ ದೂರ ಸರಿಯುತ್ತದೆ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಂತೂ ಎಂಜಿನ್ ಅತಿ ಕಡಿಮೆ ವೇಗದಲ್ಲಿರಬೇಕು. ಅವು ಎಷ್ಟೋ ಜನರ ಮನೆಗಳು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಅವಸರದಿಂದ ಹೋದಾಗ ಸಾಲುದೋಣಿಗಳ ಹಗ್ಗಗಳು ಒಂದೊಂದಾಗಿ ಬಿಗಿದು ಕಿರುಗುಟ್ಟಿದವು. ಒಂದರ ಕಿಟಕಿಯೊಳಗೆ ವೃದ್ಧೆಯೊಬ್ಬರು ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು, ಚಹಾ ತಟ್ಟೆಗೆ ಚೆಲ್ಲಿತ್ತು. ಅಂದಿನಿಂದ ಹಗ್ಗ ನೋಡದೆ ನಾನು ಯಾವ ದೋಣಿಯನ್ನೂ ಹಾದುಹೋಗಿಲ್ಲ.

ನಿಮ್ಮ ಕಾಲುವೆಗೆ ಇನ್ನೊಂದು ವಿಶೇಷವಿದೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ಸಾಮಾನ್ಯವಾಗಿ ನೀರು ನಿಂತಿರುತ್ತದೆ. ಲ್ಯಾಂಗೊಲೆನ್ ಕಾಲುವೆ ಮಾತ್ರ ಡೀ ನದಿಯ ನೀರನ್ನು ಹಾರ್ಸ್‌ಶೂ ಫಾಲ್ಸ್ ಎಂಬ ಅಣೆಕಟ್ಟಿನ ಬಳಿ ಪಡೆದು ಹರ್ಲ್‌ಸ್ಟನ್ ಜಲಾಶಯಕ್ಕೆ ಒಯ್ಯುತ್ತದೆ, ಆದ್ದರಿಂದ ವಿ.ಸಿ. ನಾಲೆಯಂತೆ ಇದರಲ್ಲೂ ನೀರು ಹರಿಯುತ್ತದೆ. ಹೋಗುವಾಗ ಪ್ರವಾಹಕ್ಕೆ ಎದುರು. 459 ಗಜ ಉದ್ದದ ಚರ್ಕ್ ಸುರಂಗದಲ್ಲಿ ದೋಣಿ ತೆವಳುತ್ತಿರುವಂತೆ ಅನಿಸಿದರೆ ಗಾಬರಿ ಬೇಡ, ದೀಪ ಹಾಕಿಕೊಂಡು ಅದೇ ಗತಿಯಲ್ಲಿ ಸಾಗಿ. ಬರುವಾಗ ಪ್ರವಾಹ ಬೆನ್ನಿಗಿರುತ್ತದೆ. ಸೇತುವೆ, ತಿರುವುಗಳು ನೀವೆಣಿಸಿದ್ದಕ್ಕಿಂತ ಬೇಗ ಬರುತ್ತವೆ, ನಿಲ್ಲಿಸುವ ಸಿದ್ಧತೆಯನ್ನು ಅಷ್ಟೇ ಮೊದಲು ಆರಂಭಿಸಿ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿ 1805ರಲ್ಲಿ ತೆರೆದ ಪಾಂಟ್‌ಕಸಲ್ಟೆ ಮೇಲ್ಗಾಲುವೆ, ಕಣಿವೆಯ ಮೇಲೆ 126 ಅಡಿ ಎತ್ತರದಲ್ಲಿ ಹಾಯುವ ಕಬ್ಬಿಣದ ದೋಣಿಕಾಲುವೆ. 2009ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ದೋಣಿ ನಡೆಸುವುದು ಕಷ್ಟವಲ್ಲ, ತೊಟ್ಟಿಯ ಅಂಚೇ ದಾರಿ ತೋರುತ್ತದೆ. ಆದರೆ ಒಂದು ಬದಿಗೆ ಕಂಬಿಯೇ ಇಲ್ಲ. ಮಕ್ಕಳಿದ್ದರೆ ಒಳಗೆ ಕೂರಿಸಿ.

ಇನ್ನು ಲಾಕ್‌ಗಳು. ಎರಡು ಮಟ್ಟದ ಕಾಲುವೆಗಳ ನಡುವೆ, ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿಗೆ ಲಾಕ್ ಎನ್ನುತ್ತಾರೆ. ಬಾಗಿಲ ಬಳಿಯ ತೂಬುಗಳನ್ನು ಕೈಹಿಡಿಯಿಂದ ತಿರುವಿ ತೆರೆದು ನೀರು ತುಂಬಿಸಿ ಅಥವಾ ಇಳಿಸಿ ದೋಣಿಯನ್ನು ಏರಿಸಿ ಇಳಿಸಬೇಕು. 18ನೇ ಶತಮಾನದಲ್ಲಿ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ತನ್ನ ಕಾಲುವೆಗಳಲ್ಲಿ 7 ಅಡಿ ಅಗಲದ ಲಾಕ್‌ಗಳನ್ನು ಕಟ್ಟಿದ. ನ್ಯಾರೋಬೋಟಿನ 6 ಅಡಿ 10 ಅಂಗುಲದ ಅಗಲ ಬಂದದ್ದು ಅದಕ್ಕೆ ಹೊಂದಿಸಿ. ಎರಡೂ ಪಕ್ಕದಲ್ಲಿ ಉಳಿಯುವುದು ಒಂದೊಂದು ಅಂಗುಲ, ಹಾಗಾಗಿ ದೂರದಿಂದಲೇ ನೇರ ಮಾಡಿಕೊಂಡು ತೀರ ನಿಧಾನವಾಗಿ ಒಳಹೋಗಬೇಕು. ನಿಮ್ಮ ದಾರಿಯಲ್ಲಿ ನ್ಯೂ ಮಾರ್ಟನ್ ಎಂಬಲ್ಲಿ ಎರಡೇ ಲಾಕ್‌ಗಳಿವೆ, ಹೋಗುವಾಗ ಏರು, ಬರುವಾಗ ಇಳಿವು. ಇಳಿಯುವಾಗಿನ ಅಪಾಯವನ್ನು ದಯವಿಟ್ಟು ಮನೆಮಂದಿಗೆಲ್ಲ ತಿಳಿಸಿ: ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಒಂದು ಕಟ್ಟೆ ಇರುತ್ತದೆ, ಅದಕ್ಕೆ ಸಿಲ್ ಎನ್ನುತ್ತಾರೆ. ನೀರು ಇಳಿಯುವಾಗ ಹಿಂತುದಿ ಆ ಕಟ್ಟೆಯ ಮೇಲೆ ಕೂತರೆ ಮೂತಿ ಕೆಳಕ್ಕೆ ಜಾರಿ ದೋಣಿ ಕೆಲವೇ ನಿಮಿಷಗಳಲ್ಲಿ ಮುಳುಗಬಹುದು. ಲಾಕ್‌ನ ಅಂಚಿನಲ್ಲಿ ಬಳಿದ ಬಿಳಿ ಗೆರೆಗಿಂತ ಚುಕ್ಕಾಣಿ ಸದಾ ಮುಂದಿರಲಿ. ನೀರು ಖಾಲಿಯಾಗುವವರೆಗೂ ಟಿಲ್ಲರ್ ಹಿಡಿದವರು ಆ ಗೆರೆಯಿಂದ ಕಣ್ಣು ತೆಗೆಯಬಾರದು, ತೂಬಿನ ಬಳಿ ಇರುವವರು ಕೈಹಿಡಿ ಬಿಟ್ಟು ಹೋಗಬಾರದು. ದೋಣಿ ಸಿಕ್ಕಿತೆಂದು ಕೂಗಿದ ಕೂಡಲೇ ಕೆಳಗಿನ ತೂಬುಗಳನ್ನು ಮುಚ್ಚಿ, ಆಮೇಲೆ ಮೇಲಿನದನ್ನು ನಿಧಾನವಾಗಿ ತೆರೆದರೆ ನೀರೇ ದೋಣಿಯನ್ನು ಎತ್ತಿ ಬಿಡಿಸುತ್ತದೆ.

ಪ್ರಶ್ನೆ: ಕೆನೆಟ್ ಮತ್ತು ಏವನ್ ಕಾಲುವೆಯಲ್ಲಿ ಗೆಳೆಯರೊಂದಿಗೆ ಹೋಗುತ್ತಿದ್ದಾಗ ದೋಣಿ ಇದ್ದಕ್ಕಿದ್ದಂತೆ ಅದುರತೊಡಗಿತು, ವೇಗ ಕುಗ್ಗಿತು, ಟಿಲ್ಲರ್ ಎಷ್ಟು ತಳ್ಳಿದರೂ ತಿರುಗಲೊಲ್ಲದು. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಕಾರಣವೇನು?
— ಓದುಗರೊಬ್ಬರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಪ್ರೊಪೆಲ್ಲರ್‌ಗೆ ಏನೋ ಸುತ್ತಿಕೊಂಡಿದೆ: ಪ್ಲಾಸ್ಟಿಕ್ ಚೀಲ, ಹಗ್ಗ, ಹಳೆಯ ಬಟ್ಟೆ, ಜೊಂಡು. ಅದು ನೀರು ದೂಡಲಾರದ್ದರಿಂದ ಚುಕ್ಕಾಣಿಯೂ ಸೋತಿದೆ. ಮೊದಲು ಗೇರನ್ನು ಕ್ಷಣಕಾಲ ರಿವರ್ಸ್‌ಗೆ ಹಾಕಿ ನೋಡಿ. ಎಲೆ, ಜೊಂಡಾದರೆ ಅಷ್ಟಕ್ಕೇ ಕಳಚುತ್ತದೆ. ಹೋಗದಿದ್ದರೆ ದೋಣಿಯನ್ನು ದಡಕ್ಕೆ ಕಟ್ಟಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಹಿಂತುದಿಯ ಹಲಗೆ ಎತ್ತಿದರೆ ಪ್ರೊಪೆಲ್ಲರ್‌ನ ನೇರ ಮೇಲೆ ಗಟ್ಟಿ ಮುಚ್ಚಳವಿರುವ ಕಿಂಡಿಯೊಂದು ಕಾಣುತ್ತದೆ. ಅದರೊಳಗೆ ಕೈಯಿಳಿಸಿ ತಡವಿ, ಸುತ್ತಿಕೊಂಡದ್ದನ್ನು ಕತ್ತರಿಸಿ ತೆಗೆಯಬೇಕು. ದಪ್ಪ ಕೈಗವಸು ತೊಟ್ಟುಕೊಳ್ಳಿ, ತಂತಿ, ಗಾಜು ಇರುವುದುಂಟು. ತೆಗೆದ ಕಸವನ್ನು ಮತ್ತೆ ಕಾಲುವೆಗೆ ಹಾಕಬೇಡಿ. ಮುಚ್ಚಳವನ್ನು ಸರಿಯಾಗಿ ಕೂರಿಸಿ ತಿರುಪು ಬಿಗಿಯದೆ ಹೊರಟರೆ ಪ್ರೊಪೆಲ್ಲರ್ ಚಿಮ್ಮಿಸುವ ನೀರು ಎಂಜಿನ್ ಕೋಣೆಗೆ ನುಗ್ಗುತ್ತದೆ, ದೋಣಿಗಳು ಹೀಗೆ ಮುಳುಗಿದ್ದೂ ಇದೆ. ಆದ್ದರಿಂದ ಹಗ್ಗ ಬಿಚ್ಚುವ ಮೊದಲು ಎಂಜಿನ್ ಚಾಲೂ ಮಾಡಿ, ನಿಧಾನಗತಿಯಲ್ಲಿ ಗೇರ್ ಹಾಕಿ, ಮುಚ್ಚಳದ ಸುತ್ತ ನೀರು ಒಸರುತ್ತಿಲ್ಲವೆಂದು ಟಾರ್ಚ್ ಹಿಡಿದು ಒಬ್ಬರು ನೋಡಲಿ.